ತುಯಾರಾ, ಡಿಕ್ಕಿ ತೆಗೆ

ಲೈಸೆನ್ಸ್ ಬಂದು ಹನ್ನೊಂದು ದಿನ. ಸರಿ, ಹೋಗು.
ಯಾರು ಬೇಡವೆಂದರು?
ಮೊದಲು ಡಿಕ್ಕಿ ತೆಗೆ.

ಖಂದಿಗಾ ಬಿಟ್ಟ ಮೇಲೆ ತೋಮ್ತೋರ್ ಬರುವ ತನಕ
ಬೆರಳೆಣಿಸಲೂ ಸಾಲದಷ್ಟು ಊರು.
ಫೋನು ಅಲ್ಲಿ ಬರೀ ಗಡಿಯಾರ,
ಅದೂ ಚಳಿಗೆ ಕಣ್ಣು ಮುಚ್ಚುವ ಗಡಿಯಾರ.
ಮೈನಸ್ ಐವತ್ತರಲ್ಲಿ ನಿನ್ನ ಉಸಿರೇ ನಿನ್ನ ಕಿವಿಯ ಪಕ್ಕ
ಮೊರದಲ್ಲಿ ಕಾಳು ಕೇರಿದ ಹಾಗೆ ಸದ್ದು ಮಾಡುತ್ತದೆ.
ಬೆಚ್ಚಬೇಡ. ಯಾರೂ ಹಿಂದೆ ಬಂದಿರುವುದಿಲ್ಲ.
ಬಂದಿದ್ದರೆ ಒಳ್ಳೆಯದೇ ಇತ್ತು.

ಬೆಂಕಿಪೊಟ್ಟಣ ಮೂರು.
ಒಂದು ಇಲ್ಲಿ, ಒಂದು ಸೀಟಿನಡಿ,
ಒಂದು ಒಳಜೇಬಿನಲ್ಲಿ, ಮೈಗೆ ತಾಗಿಕೊಂಡು.
ಡಿಕ್ಕಿಯ ಬೀಗ ಹೆಪ್ಪುಗಟ್ಟುತ್ತದೆ.
ಮೈಗೆ ಬೀಗವಿಲ್ಲ.

ಎಂಜಿನ್ನಿಗೆ ಹೊದಿಸುವ ಈ ಕಂಬಳಿ
ನಿನ್ನಜ್ಜ ಗವ್ರೀಲನ ಬೂದು ಕುದುರೆಯದು.
ಮೂಗು ಮುಚ್ಚಬೇಡ, ತುಯಾರಾ.
ನೀನು ಹುಟ್ಟಿದಾಗ ಮನೆಯಿಡೀ ಇದೇ ವಾಸನೆ.

ನಿಂತಲ್ಲೇ ಎಂಜಿನ್ ಓಡಿಸುತ್ತ ಕೂರುವುದಾದರೆ
ಸೈಲೆನ್ಸರಿನ ಬಾಯಿಂದ ಹಿಮ ಕೆರೆದು ತೆಗೆ,
ಗಾಜು ಎರಡು ಬೆರಳು ಇಳಿಸು.
ಚಳಿ ಬೈದು ಬೈದು ಕೊಲ್ಲುತ್ತದೆ,
ಹೊಗೆ ಜೋಗುಳ ಹಾಡಿ.

ಸಲಿಕೆ. ಬ್ಲೋಲ್ಯಾಂಪ್. ಕೊಡಲಿ, ಅದರ ಹಿಡಿಗೆ ಬಟ್ಟೆ ಸುತ್ತಿದ್ದೇನೆ.
ಈ ಡಬ್ಬಿಯಲ್ಲಿ ಬೆಣ್ಣೆ.
ಬೆಂಕಿ ಹತ್ತಿದರೆ ಮೊದಲ ತುತ್ತು ಅದಕ್ಕೆ.
ದೇವರು ದಿಂಡರು ನಂಬದವಳು ನೀನು, ಬಿಡು;
ಬೆಣ್ಣೆ ಬಿದ್ದರೆ ಉರಿ ಏಳುತ್ತದೆ,
ಅಷ್ಟನ್ನಾದರೂ ನಂಬು.

ಎರಡು ಸ್ಟೆಪ್ನಿ ಯಾಕೆ ಅಂತ ಕೇಳಿದೆಯಲ್ಲ.
ಒಂದು ಉರುಳುವುದಕ್ಕೆ.
ಒಂದು ಉರಿಯುವುದಕ್ಕೆ.

ನಗಬೇಡ. ಒಂದು ಫೆಬ್ರವರಿ, ಕಣಿವೆಯ ತಿರುವಿನಲ್ಲಿ
ದೀಪವಿಲ್ಲದ ಕಾರು. ಒಳಗೆ ಒಬ್ಬ, ಪ್ರೊಕೋಪಿ ಅಂತ,
ಮಗಳ ಮದುವೆಗೆ ಎರಡು ಪೆಟ್ಟಿಗೆ ಸೇಬು ಹೊತ್ತು ಹೊರಟವನು.
ನಾನು ಹೋಗುವಷ್ಟರಲ್ಲಿ ಪೆಟ್ಟಿಗೆಯ ಹಲಗೆ ಸುಟ್ಟಿದ್ದ,
ಹಿಂದಿನ ಸೀಟು ಸುಟ್ಟಿದ್ದ,
ಮದುವೆಯ ಕರೆಯೋಲೆಗಳನ್ನು ಮಾತ್ರ
ಅಂಗಿಯೊಳಗೆ ಇಟ್ಟುಕೊಂಡಿದ್ದ.
ಸೇಬುಗಳು ಕಾರಿನ ನೆಲದಲ್ಲಿ
ಕಲ್ಲುಗುಂಡಿನ ಹಾಗೆ ಟಣ್ಣೆನ್ನುತ್ತಿದ್ದವು.

ನನ್ನ ಸ್ಟೆಪ್ನಿಗೆ ಪೆಟ್ರೋಲು ಸುರಿದು ಹಚ್ಚಿದೆ.
ನಾಲ್ಕು ತಾಸು ಕಪ್ಪು ಹೊಗೆ, ಗಬ್ಬು ನಾತ,
ಇಬ್ಬರ ಮುಖಕ್ಕೂ ಮಸಿ.
ಮಾತಾಡಲಿಲ್ಲ. ಬಾಯಿ ತೆರೆದರೆ ಹಲ್ಲು ನೋಯುತ್ತಿತ್ತು.
ಬೆಳಗಿನ ಜಾವ ಆ ಹೊಗೆ ನೋಡಿಯೇ ಲಾರಿಯವರು ಬಂದರು.
ಹೊರಡುವಾಗ ಒಂದು ಸೇಬು ಕೊಟ್ಟ.
ಕರಗಿದ ಮೇಲೆ ಕಚ್ಚಿದೆ, ಸೀಮೆಎಣ್ಣೆಯ ರುಚಿ.
ಪೂರ್ತಿ ತಿಂದೆ.

ಮುಂದಿನ ಶರತ್ಕಾಲ ಗೇಟಿಗೆ ಒಂದು ಟೈರು ಒರಗಿತ್ತು.
ಚೀಟಿಯಿಲ್ಲ, ಹೆಸರಿಲ್ಲ.
ಅಳತೆಯೂ ತಪ್ಪು; ನಮ್ಮ ಯಾವ ಗಾಡಿಗೂ ಕೂರುವುದಿಲ್ಲ.
ಇದೇ ಅದು, ಮುಟ್ಟಿ ನೋಡು.
ಉರಿಯುವುದಕ್ಕೆ ಅಳತೆ ಯಾಕೆ?

ಈ ಉಣ್ಣೆಬೂಟು ದೊಡ್ಡದಾಯಿತು ಅಂತೀಯ.
ಹೌದು. ನಿನ್ನದಲ್ಲ ಅದು.
ದಾರಿಯಲ್ಲಿ ಸಿಗುವ ಯಾವನೋ ಒಬ್ಬನದು,
ಅವನಿಗಿನ್ನೂ ಗೊತ್ತಿಲ್ಲ.
ನಿಂತ ಕಾರು ಕಂಡರೆ ನೀನೂ ನಿಲ್ಲಿಸು.
ತಡವಾಗುತ್ತದೆ. ಆಗಲಿ.
ಹತ್ತೊಂಬತ್ತು ಚಳಿಗಾಲ ಓಡಿಸಿದ್ದೇನೆ.
ಈ ಡಿಕ್ಕಿಯಿಂದ ನನಗೆಂದು ನಾನು ತೆಗೆದದ್ದು
ಒಂದು ಚಮಚ.

ಆಯಿತು, ಮುಚ್ಚು. ಮೆಲ್ಲಗೆ,
ಈ ಚಳಿಯಲ್ಲಿ ಕಬ್ಬಿಣವೂ ಗಾಜೇ.
ಹೊರಡು, ಬೆಳಕಿರುವುದೇ ನಾಲ್ಕೈದು ತಾಸು.

ತಡಿ ತಡಿ.
ಮೇಣದಬತ್ತಿ ಇಟ್ಟೆನೋ ಇಲ್ಲವೋ.
ಇನ್ನೊಂದು ಸಲ ತೆಗೆ.